ಯಾರೂ ಕದ್ದೊಯ್ಯಲಿಲ್ಲ

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಮಾನವ ಕಳ್ಳಸಾಗಣೆ ಬಗ್ಗೆ ಒಂದು ಕಡ್ಡಾಯ ಟ್ರೈನಿಂಗ್ ಇರುತ್ತೆ. ಇಪ್ಪತ್ತು ನಿಮಿಷದ ವಿಡಿಯೊ, ಕೊನೆಗೆ ಹತ್ತು ಪ್ರಶ್ನೆ. ಎಲ್ಲರೂ ಮ್ಯೂಟ್ ಮಾಡಿ ಊಟ ಮಾಡ್ತಾ ಮುಗಿಸೋ ಟ್ರೈನಿಂಗ್ ಅದು. ಅದರಲ್ಲಿ ಬರೋ ಚಿತ್ರಗಳು ನಿಮಗೂ ಗೊತ್ತಿರುತ್ತವೆ: ಸರಪಳಿ ಬಿಗಿದ ಕೈ, ಕತ್ತಲಲ್ಲಿ ನಿಂತ ವ್ಯಾನು, ಮುಖ ಕಾಣದ ಗಂಡಸು. ನನಗೆ ಗೊತ್ತಿರೋ ಕಥೆಯಲ್ಲಿ ವ್ಯಾನೂ ಇಲ್ಲ, ಅಪರಿಚಿತನೂ ಇಲ್ಲ.

ನಮ್ಮೂರು ಬಳ್ಳಾರಿ ಹತ್ತಿರದ ರೂಪನಗುಡಿ. ಎರೆ ಹೊಲ, ಹತ್ತಿ, ಮೆಣಸಿನಕಾಯಿ, ಮಾತಿನ ಮಧ್ಯೆ ಧಾರಾಳವಾಗಿ ತೆಲುಗು. ನನ್ನ ಜೊತೆ ಓದಿದ ಗೆಳೆಯನೊಬ್ಬನ ಅವ್ವನನ್ನು ನಾವೆಲ್ಲ ಅತ್ತೆ ಅಂತಲೇ ಕರೀತಿದ್ವಿ. ಅತ್ತೆಗೆ ಹತ್ತು ಹನ್ನೊಂದು ವರ್ಷ ಇದ್ದಾಗ ಮುತ್ತು ಕಟ್ಟಿದ್ದರು. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ, ಅವರವ್ವ ದೇವರಿಗೆ ಹರಕೆ ಹೊತ್ತಿದ್ದಳು. ಆಮೇಲೆ ಮನೆಗೆ ಬಂದುಹೋದ ಗಂಡಸರು ಯಾರು ಅನ್ನೋದು ಊರಿಗೇ ಗೊತ್ತಿತ್ತು. ಹೊಲ ಇದ್ದವರು, ಸಾಲ ಕೊಟ್ಟವರು. ದೇವದಾಸಿಯರಲ್ಲಿ ಬಹುಪಾಲು ಜನ ಭೂಮಿಯಿಲ್ಲದ ದಲಿತ ಮನೆಗಳ ಹೆಣ್ಣುಮಕ್ಕಳು ಅನ್ನೋದು ಕಾಕತಾಳೀಯ ಅಲ್ಲ.

ಇದು ಕಳ್ಳಸಾಗಣೆಯಾ? ಕಾನೂನನ್ನೇ ತೆಗೆದು ನೋಡೋಣ. ಸಂವಿಧಾನದ 23ನೇ ವಿಧಿ ಮನುಷ್ಯರ ಮಾರಾಟ, ಸಾಗಾಟ ಎರಡನ್ನೂ ನಿಷೇಧಿಸುತ್ತೆ. 2013ರಲ್ಲಿ ತಿದ್ದುಪಡಿಯಾದ ಐಪಿಸಿ 370ನೇ ಸೆಕ್ಷನ್ ಈಗ ಭಾರತೀಯ ನ್ಯಾಯ ಸಂಹಿತೆಯ 143 ಆಗಿದೆ. ಶೋಷಣೆಗಾಗಿ ಒಬ್ಬರನ್ನು ಸಾಗಿಸಿದರೆ ಮಾತ್ರ ಅಪರಾಧ ಅಂತ ಅದು ಹೇಳೋದಿಲ್ಲ. ಬಲವಂತದಿಂದಲೋ, ಮೋಸದಿಂದಲೋ, ಅಧಿಕಾರದ ದುರುಪಯೋಗದಿಂದಲೋ, ದುಡ್ಡಿನ ಆಮಿಷದಿಂದಲೋ ಇರಿಸಿಕೊಂಡರೂ, ಒಪ್ಪಿಸಿದರೂ, ಪಡೆದುಕೊಂಡರೂ ಅಪರಾಧವೇ. ಬಲಿಯಾದವರ ಒಪ್ಪಿಗೆ ಲೆಕ್ಕಕ್ಕೇ ಬರಲ್ಲ. ಅಂದರೆ ಅತ್ತೆ ತನ್ನ ಮನೆ ಹೊಸ್ತಿಲು ದಾಟದೇ ಇದ್ದರೂ ಈ ವ್ಯಾಖ್ಯಾನದೊಳಗೆ ಬರ್ತಾಳೆ. ಮಗುವಿನ ಕಳ್ಳಸಾಗಣೆಗೆ ಶಿಕ್ಷೆ ಕನಿಷ್ಠ ಹತ್ತು ವರ್ಷ, ಜೀವಾವಧಿವರೆಗೂ ಆಗಬಹುದು.

ಓದೋಕೆ ಸಮಾಧಾನ ಆಗುತ್ತೆ. ಆದರೆ ಆ ಹತ್ತು ವರ್ಷ ಯಾರಿಗೆ?

ಒಮ್ಮೆ ಊರಿಗೆ ಹೋದಾಗ ಅತ್ತೆ ಹತ್ತಿರ ಕೂತು ಇದನ್ನೇ ಕೇಳಿದೆ. ನಕ್ಕಳು. "ನಮ್ಮವ್ವನ್ನ ಜೈಲಿಗೆ ಹಾಕಿದ್ರೆ ನನಗೇನು ಬರ್ತಿತ್ತಪ್ಪಾ? ಗಂಜಿ ಕಾಸೋರು ಯಾರಿದ್ರು? ಬಂದುಹೋದೋರ ಹೆಸರು ಬರ್ಕೋತೀರೇನು, ಬರ್ಕೊಳ್ಳಿ ನೋಡೋಣ."

ನಮ್ಮ ರಾಜ್ಯದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯಲ್ಲೂ ಇದೇ ತೊಡಕು ಇತ್ತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ ಜೈಲು. ಕಟ್ಟಿಸಿದವರು ತಂದೆತಾಯಿ, ಪೋಷಕರು, ಸಂಬಂಧಿಕರಾದರೆ ಎರಡರಿಂದ ಐದು ವರ್ಷ. ಕೇಳೋಕೆ ನ್ಯಾಯ ಅನ್ಸುತ್ತೆ. ಆದರೆ ದೂರು ಕೊಡಬೇಕಾದ ಹುಡುಗಿ ತನ್ನ ಮನೆಯ ಒಂದೇ ಆಸರೆಯನ್ನ ಜೈಲಿಗೆ ಕಳಿಸಬೇಕು. ಹಾಗಾಗಿ ದೂರು ಬರಲ್ಲ. 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಸರ್ಕಾರ ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಿತು. ಅತ್ತೆ ಆ ಪಟ್ಟಿಯಲ್ಲಿಲ್ಲ. ಅವಳಿಗೆ ಮುತ್ತು ಕಟ್ಟಿದ್ದು ಕಾಯ್ದೆ ಬಂದ ಮೇಲೆ. ಸಮೀಕ್ಷೆಯವರಿಗೆ ಹೆಸರು ಕೊಟ್ಟರೆ ಅವ್ವನ ಮೇಲೆ ಕೇಸ್ ಬೀಳುತ್ತೆ ಅಂತ ಹೆದರಿ ಬಾಗಿಲು ಹಾಕ್ಕೊಂಡಳು. ಪಟ್ಟಿಯಲ್ಲಿ ಹೆಸರಿಲ್ಲ, ಹಾಗಾಗಿ ಮಾಸಾಶನವೂ ಇಲ್ಲ.

ಇನ್ನೊಂದು ಕಾನೂನಿದೆ, 1956ರದ್ದು, ಅನೈತಿಕ ಸಾಗಾಣಿಕೆ ತಡೆ ಕಾಯ್ದೆ. ಅದರ 4ನೇ ಸೆಕ್ಷನ್ ಪ್ರಕಾರ ಲೈಂಗಿಕ ವೃತ್ತಿಯ ಗಳಿಕೆಯಲ್ಲಿ ಗೊತ್ತಿದ್ದೂ ಬದುಕುವ ಹದಿನೆಂಟು ದಾಟಿದ ಯಾರೇ ಆದರೂ ಅಪರಾಧಿ. ತಲೆಹಿಡುಕರನ್ನು ಹಿಡಿಯೋಕೆ ಮಾಡಿದ್ದು, ನಿಜ. ಆದರೆ ಅಂಥ ತಾಯಿಯ ದುಡ್ಡಲ್ಲಿ ಡಿಗ್ರಿ ಓದೋ ಮಗನೂ ಈ ವಾಕ್ಯದೊಳಗೆ ಸಿಕ್ಕಿಬೀಳ್ತಾನೆ. ದಾಳಿಯಲ್ಲಿ "ರಕ್ಷಿಸಿದ" ವಯಸ್ಕ ಹೆಂಗಸನ್ನ ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಿ ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇಡಬಹುದು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದ ಮೇಲೆ ಅದರ ಹೆಸರು ರಕ್ಷಣೆ ಅಂದರೇನು, ಬಂಧನ ಅಂದರೇನು?

ಈ ಪ್ರಶ್ನೆ ನನ್ನೊಬ್ಬನದಲ್ಲ. 2022ರ ಮೇ 19ರಂದು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊರಡಿಸಿದ ನಿರ್ದೇಶನಗಳಲ್ಲಿ ಇದೂ ಇತ್ತು: ಇಷ್ಟವಿಲ್ಲದೆ ಗೃಹಗಳಲ್ಲಿ ಇರಿಸಿರುವ ವಯಸ್ಕ ಹೆಂಗಸರನ್ನ ಗುರುತಿಸಿ ಬಿಡುಗಡೆಗೆ ಕ್ರಮ ತಗೊಳ್ಳಿ, ವೃತ್ತಿಯ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ಬೇರೆ ಮಾಡಬೇಡಿ. 2018ರಲ್ಲಿ ಲೋಕಸಭೆ ಒಪ್ಪಿದ ಕಳ್ಳಸಾಗಣೆ ಮಸೂದೆಯನ್ನು ಮಾನವ ಹಕ್ಕುಗಳಿಗೆ ಹೊಂದುವಂತೆ ತಿದ್ದಿ ಅಂತ ವಿಶ್ವಸಂಸ್ಥೆಯ ತಜ್ಞರೂ ಹೇಳಿದ್ದರು. ಆ ಮಸೂದೆ ರಾಜ್ಯಸಭೆಯಲ್ಲಿ ಪಾಸಾಗದೆ 2019ರಲ್ಲಿ ಬಿದ್ದುಹೋಯಿತು.

ಹಾಗಂತ ಕಾನೂನೇ ಬೇಡ ಅಂತಿಲ್ಲ. ಹತ್ತು ವರ್ಷದ ಹುಡುಗಿ ಕೊರಳಿಗೆ ಮುತ್ತು ಕಟ್ಟೋಕೆ ಇವತ್ತು ಯಾರಾದರೂ ಹೆದರ್ತಾರೆ ಅಂದರೆ ಅದರಲ್ಲಿ ಕಾನೂನಿನ ಪಾಲೂ ಇದೆ. ನನ್ನ ತಕರಾರು ಇಷ್ಟೇ: ಕಾನೂನು ಅಪರಾಧಿಯನ್ನು ಹುಡುಕೋ ಭರದಲ್ಲಿ ಆ ಹೆಂಗಸನ್ನ ಸಾಕ್ಷಿ ಮಾಡ್ಕೊಳ್ಳುತ್ತೆ, ಇಲ್ಲಾ ಫಲಾನುಭವಿ ಮಾಡುತ್ತೆ. ನಿನಗೇನು ಬೇಕು ಅಂತ ಮಾತ್ರ ಕೇಳಲ್ಲ.

ಅತ್ತೆಗೆ ಬೇಕಾಗಿದ್ದು ದೊಡ್ಡದೇನಲ್ಲ. ಮಾಸಾಶನ, ಮನೆ ಜಾಗಕ್ಕೆ ಒಂದು ಪತ್ರ, ಇನ್ನೊಂದು, ಮಗನ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನೋ ಕಾಲಂ ಖಾಲಿ ಬಿಡೋ ಹಕ್ಕು. ಅಡ್ಮಿಷನ್ ದಿನ ಅವನು ಸೋದರಮಾವನ ಹೆಸರು ಹೇಳಿದಾಗ ಇಡೀ ಕ್ಲಾಸು ನಕ್ಕಿತ್ತು. ಆಮೇಲೆ ಸ್ಕಾಲರ್‌ಶಿಪ್, ರೇಷನ್ ಕಾರ್ಡ್, ಬ್ಯಾಂಕ್, ಎಲ್ಲ ಕಡೆ ಅದೇ ಕಾಲಂ ಎದುರಾಯಿತು. ಕೊನೆಗೂ 2025ರಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಕಾಯ್ದೆ ಶಿಕ್ಷೆಯ ಆಚೆಗೂ ನೋಡಿದೆ. ತಂದೆಯ ಹೆಸರು ಹೇಳಲೇಬೇಕು ಅಂತ ಒತ್ತಾಯಿಸುವಂತಿಲ್ಲ. ಮಗುವಿಗೆ ತಂದೆ ಯಾರೆಂದು ತಿಳಿಯೋ ಹಕ್ಕು, ಆಸ್ತಿಯ ಹಕ್ಕು ಕೂಡ ಅದರಲ್ಲಿದೆ. "ಬಂದುಹೋದೋರ ಹೆಸರು ಬರ್ಕೊಳ್ಳಿ" ಅಂದಿದ್ದಳಲ್ಲ ಅತ್ತೆ, ಅದಕ್ಕೆ ಸಿಕ್ಕ ಮೊದಲ ಉತ್ತರ ಇದು.

ಆದರೆ ಕಾಯ್ದೆ ಪುಸ್ತಕದಲ್ಲಿರುತ್ತೆ, ಕಾಲಂ ಸ್ಕ್ರೀನ್ ಮೇಲಿರುತ್ತೆ. ನಾನೀಗ ಮಾಡೋ ಕೆಲಸವೇ ಅರ್ಜಿ ಫಾರ್ಮುಗಳನ್ನ ಡಿಸೈನ್ ಮಾಡೋದು. ಯಾವ ಫಾರ್ಮ್ ಬಂದರೂ "ತಂದೆಯ ಹೆಸರು" ಪಕ್ಕದ ಕೆಂಪು ನಕ್ಷತ್ರದ ಬಗ್ಗೆ ಮೀಟಿಂಗಿನಲ್ಲಿ ಕೇಳ್ತೀನಿ: ಇದು ಕಡ್ಡಾಯ ಯಾಕೆ, ಯಾರಿಗೆ ಬೇಕು? ಒಂದೆರಡು ಸಲ ಯಾರ ಹತ್ತಿರಾನೂ ಉತ್ತರ ಇರಲಿಲ್ಲ, ನಕ್ಷತ್ರ ತೆಗೆದ್ವಿ. ನಿಮ್ಮ ಟೇಬಲ್ಲಿಗೂ ಇಂಥ ಫಾರ್ಮ್ ಬಂದೇ ಬರುತ್ತೆ. ನೀವೂ ಕೇಳಿ.