ಪೇಪರ್ ಓದಲು ಬಾರದವರಿಗೂ ಬರುವ ಹಾಡು

ಸೋಸಲೆ ಸುತ್ತಮುತ್ತ ಸುದ್ದಿಗೆಂದು ಓಡಾಡುವ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು. ನಾವು ಬರೆದ ವರದಿ ಓದಲಾಗದವರಿಗೂ ಸಿದ್ದಲಿಂಗಯ್ಯನವರ ಹಾಡು ಬಾಯಿಗೆ ಬರುತ್ತದೆ. ಅಂಬೇಡ್ಕರ್ ಜಯಂತಿಯ ದಿನ ತಮಟೆ ಸದ್ದು ಕೇಳಿದರೆ ಸಾಕು, ಕೂಲಿ ಮುಗಿಸಿ ಬಂದ ಹೆಂಗಸರೂ ದನಿಗೂಡಿಸುತ್ತಾರೆ. ಬರೆದವರು ಯಾರು ಎಂದರೆ, ‘ಅದು ನಮ್ಮ ಹಾಡು ಕಣಪ್ಪ’ ಅನ್ನುತ್ತಾರೆ.

ಸಿದ್ದಲಿಂಗಯ್ಯನವರು ಹುಟ್ಟಿದ್ದು 1954ರಲ್ಲಿ, ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ. ಬಡತನದಲ್ಲಿ ಬೆಳೆದು, ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದರು. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಆಡಿದ ‘ಬೂಸಾ’ ಮಾತಿಗೆ ರಾಜ್ಯವೆಲ್ಲ ಗಲಾಟೆಯಾಯಿತು. ಆ ಬಿಸಿಯಲ್ಲೇ ದಲಿತ ಹುಡುಗರು ಒಂದಾದರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಬಿ. ಕೃಷ್ಣಪ್ಪ, ನಮ್ಮ ನಂಜನಗೂಡು ಸೀಮೆಯ ದೇವನೂರ ಮಹಾದೇವ ಇವರ ಜೊತೆ ಸಿದ್ದಲಿಂಗಯ್ಯನವರೂ ಇದ್ದರು. 1975ರಲ್ಲಿ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು.

ಪುಸ್ತಕ ಕೊಂಡವರು ಎಷ್ಟು ಮಂದಿಯೋ, ಹಾಡು ಮಾತ್ರ ಜಾಥಾಗಳ ಜೊತೆ ನಡೆದುಕೊಂಡೇ ಕೇರಿಗಳಿಗೆ ಬಂತು. ಮೈಸೂರಿನ ಕಡೆ ಜನ್ನಿ ಅವರಂಥ ರಂಗಕರ್ಮಿಗಳು ಚಳವಳಿಯ ಹಾಡುಗಳಿಗೆ ದನಿ ಕೊಟ್ಟರು. ನಮ್ಮ ಜನರ ಕಿವಿಯೂ ಇದಕ್ಕೆ ಮೊದಲೇ ಹದವಾಗಿತ್ತು. ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡುವ ನಾಡಿದು. ಕೊಳಕು ವೇಷದಲ್ಲಿ ಬಂದ ಗುರುವನ್ನು ಕಲ್ಯಾಣದ ಬಾಗಿಲಲ್ಲೇ ತಡೆದ ಕತೆ ಕೇಳಿ ಬೆಳೆದವರಿಗೆ ಸಿದ್ದಲಿಂಗಯ್ಯನವರ ಪ್ರಶ್ನೆ ಹೊಸದೆನಿಸಲಿಲ್ಲ. ಅವರ ಸಾಲುಗಳೂ ಚಿಕ್ಕವು. ದುಡಿಯುವವರ ದಿನದ ಮಾತು. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಮುಂದೆ ಅವರು ವಿಧಾನ ಪರಿಷತ್ ಸದಸ್ಯರಾದರು, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. 2015ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನಕ್ಕೂ ಅವರೇ ಅಧ್ಯಕ್ಷರು. ಅಧಿಕಾರದ ಹತ್ತಿರ ಹೋದ ಮೇಲೆ ಕಿಡಿ ಆರಿತು ಎಂದು ಚಳವಳಿಯವರೇ ಬೇಸರಪಟ್ಟದ್ದುಂಟು. 2021ರ ಜೂನ್ 11ರಂದು ಕೊರೊನಾ ಅವರನ್ನು ಕರೆದುಕೊಂಡಿತು. ಆ ಹೊತ್ತಿಗೆ ಹಾಡು ಅವರ ಕೈಬಿಟ್ಟು ಜನರದಾಗಿ ಎಷ್ಟೋ ವರ್ಷವಾಗಿತ್ತು.

ನಮಗೆ ಈಗ ಕಾಡುವುದು ಬೇರೆ. ಇಂಥ ಹಾಡುಗಳು ಈಗ ಸರ್ಕಾರಿ ಕಾರ್ಯಕ್ರಮಗಳಲ್ಲೂ ಕೇಳುತ್ತವೆ. ವೇದಿಕೆಯ ಮೇಲಿನ ಗಣ್ಯರು ಚಪ್ಪಾಳೆ ತಟ್ಟುತ್ತಾರೆ. ಸ್ಮಶಾನಕ್ಕೆ ದಾರಿ ಬೇಕೆಂದು ಅರ್ಜಿ ತಂದವರು ಕೊನೆಯ ಸಾಲಿನಲ್ಲಿ ಕಾಯುತ್ತಿರುತ್ತಾರೆ. ಮರುದಿನದ ಪೇಪರಿನಲ್ಲಿ ಹಾಡಿನ ಫೋಟೊ ಬರುತ್ತದೆ, ಅರ್ಜಿಯ ಸುದ್ದಿ ಬರುವುದಿಲ್ಲ. ಆ ಹಾಡು ಹುಟ್ಟಿದ್ದೇ ಅಂಥ ಅರ್ಜಿಗಳಿಂದ. ಇನ್ನು ನಿಮ್ಮೂರಲ್ಲಿ ಹಾಡು ಕೇಳಿದರೆ ನಮಗೆ ಫೋನ್ ಮಾಡಿ. ಕೊನೆಯ ಸಾಲಿನಲ್ಲಿ ಕೂತವರನ್ನೂ ಮಾತಾಡಿಸುತ್ತೇವೆ.