ಏರಿನಲ್ಲಿ ನಿಂತ ಗಾಡಿ, ಹಿಂದೆ ನಿಂತ ಜನ

ಸಿನಿಮಾದ ಹೀರೋ ಕಾರು ಹತ್ತಿದ ಅಂದರೆ ಮುಗೀತು, ಗಾಡಿ ಮುಂದಕ್ಕೇ! ಗುಡ್ಡ ಇರಲಿ, ಘಾಟಿ ಇರಲಿ, ಒಂದು ಕೈ ಸ್ಟೀರಿಂಗ್ ಮೇಲೆ, ಇನ್ನೊಂದು ಕೈ ನಾಯಕಿಯ ಹೆಗಲ ಮೇಲೆ. ಬ್ರೇಕ್ ಫೇಲ್ ಆಗೋದನ್ನ ನಾವು ನೀವು ಎಷ್ಟು ಚಿತ್ರಗಳಲ್ಲಿ ನೋಡಿಲ್ಲ? ಆದರೆ ಏರಿನಲ್ಲಿ ನಿಲ್ಲಿಸಿದ ಕಾರನ್ನ ಹೀರೋ ಮತ್ತೆ ಹೊರಡಿಸುವಾಗ ಅದು ಒಂದು ಮೊಳ ಹಿಂದಕ್ಕೆ ಜಾರಿದ್ದನ್ನ ಯಾವ ಡೈರೆಕ್ಟರಾದರೂ ತೋರಿಸಿದ್ದಾರೆಯೇ? ನಾನಂತೂ ಕಂಡಿಲ್ಲ. ಹಳೆಯ ಚಿತ್ರಗಳಲ್ಲಿ ಅದಕ್ಕೆ ಕಾರಣವೂ ಉಂಟು. ಎಷ್ಟೋ ಸಲ ಕಾರು ಸ್ಟುಡಿಯೋದೊಳಗೆ ನಿಂತಲ್ಲೇ ನಿಂತಿರುತ್ತಿತ್ತು. ಹಿಂದಿನ ಪರದೆಯ ಮೇಲೆ ರಸ್ತೆ ಓಡುತ್ತಿತ್ತು. ನಿಂತ ಕಾರಿಗೆ ಏರೇನು, ಇಳಿಜಾರೇನು!

ನಾನು ಚಿತ್ರದುರ್ಗದವನು. ಬಾಡಿಗೆ ಕಾರು ಓಡಿಸಿ ಸಂಸಾರ ಸಾಕಿದವನು. ನಮ್ಮೂರಲ್ಲಿ ಸ್ಟುಡಿಯೋ ಪರದೆ ಇಲ್ಲ, ನಿಜವಾದ ಬಂಡೆ ಐತೆ. ತ.ರಾ.ಸು. ಅವರ ಕಾದಂಬರಿಗಳನ್ನ ಆಧರಿಸಿ ಪುಟ್ಟಣ್ಣ ಕಣಗಾಲರು ‘ನಾಗರಹಾವು’ ತೆಗೆದಾಗ ಇದೇ ಬಂಡೆಗಳ ನಡುವೆ ಕ್ಯಾಮೆರಾ ಇಟ್ಟರು. ಚಿತ್ರ ಬಂದದ್ದು 1972ರಲ್ಲಿ. ಇವತ್ತಿಗೂ ಕೋಟೆ ನೋಡೋಕೆ ಬಂದವರು ಕಾರಲ್ಲಿ ಕೂತ ತಕ್ಷಣ ಕೇಳೋದು ಓಬವ್ವನ ಕಿಂಡಿ ಎಲ್ಲಿ, ರಾಮಾಚಾರಿ ಹತ್ತಿದ ಬೆಟ್ಟ ಎಲ್ಲಿ ಅಂತ. ರಾಮಾಚಾರಿಗೆ ಕಾಲಿತ್ತು, ಹಟ ಇತ್ತು, ಹತ್ತಿದ. ಗಾಲಿಗೆ ಹಟ ಎಲ್ಲಿಂದ ಬರಬೇಕು ಸ್ವಾಮಿ? ಬಿಟ್ಟರೆ ಇಳಿಜಾರಿನ ಕಡೆಗೇ!

ನಮ್ಮಪ್ಪ ಲಾರಿ ಕ್ಲೀನರ್ ಆಗಿದ್ದವರು. ಆ ಹಳೇ ಲಾರಿಯ ಹ್ಯಾಂಡ್ ಬ್ರೇಕನ್ನ ಯಾರೂ ನಂಬುತ್ತಿರಲಿಲ್ಲ. ಹೇರಿದ ಗಾಡಿ ಏರಲ್ಲಿ ನಿಂತರೆ ಕ್ಲೀನರ್ ಕೆಳಗೆ ಹಾರಬೇಕು, ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಗಾಡಿ ಹೊರಟ ಮೇಲೆ ಆ ಕಲ್ಲನ್ನ ಪಕ್ಕಕ್ಕೆ ಎಸೆದು, ಓಡಿ ಬಂದು ಹತ್ತಬೇಕು. ಒಂದು ರಾತ್ರಿ ಹೊಸದುರ್ಗದಿಂದ ಶೇಂಗಾ ಮೂಟೆ ಹೇರಿಕೊಂಡು ಹಿರಿಯೂರಿನ ಕಡೆಗೆ ಬರುವಾಗ ಏರಿನಲ್ಲಿ ಲಾರಿ ನಿಂತಿತು. ಅಪ್ಪ ಇನ್ನೂ ಕಲ್ಲು ಕೊಡ್ತಾ ಇದ್ದರು. ಡ್ರೈವರ್ ಅವಸರ ಮಾಡಿ ಬ್ರೇಕಿನಿಂದ ಕಾಲು ತೆಗೆದ. ಗಾಡಿ ಹಿಂದಕ್ಕೆ ಬಂದದ್ದು ಒಂದೇ ಗೇಣು. ಅಪ್ಪನ ಬಲಗೈಯ ಎರಡು ಬೆರಳು ಹೋದವು. ಒಂದು ಗೇಣು ಅಂದರೆ ಎಷ್ಟು ಅಂತ ನಮ್ಮ ಮನೇಲಿ ಯಾರಿಗೂ ಅಳತೆಪಟ್ಟಿ ಬೇಕಾಗಲಿಲ್ಲ. ಅಪ್ಪ ಮುದ್ದೆ ಮುರಿಯುವಾಗ ದಿನಾ ಕಾಣುತ್ತಿತ್ತು.

ಈಗ ಮಗಳ ಸರದಿ. ಹೊಳಲ್ಕೆರೆಗೆ ಕೊಟ್ಟಿದ್ದೇವೆ. ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರು ಕೆಲಸ. ಬಸ್ಸು ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಅದಕ್ಕೇ ಹಳೇ ಮಾರುತಿ 800 ಕೊಂಡಳು. ಸಮತಟ್ಟು ರಸ್ತೆಯಲ್ಲಿ ಅವಳ ಕೈ ಬಲು ಚೆನ್ನ. ಏರು ಬಂದರೆ ಮಾತ್ರ ಮುಖ ಬಿಳಿಚಿಕೊಳ್ಳುತ್ತಿತ್ತು.

“ಅಪ್ಪಾಜಿ, ಹಿಂದೆ ಯಾರಾದ್ರೂ ಬಂದು ನಿಂತ್ರೆ ನನಗೆ ಕೈಕಾಲೇ ಆಡಲ್ಲ. ಮಾರಿಬಿಡೋಣ ಗಾಡೀನ” ಅಂದಳು.

“ಆ ಹೆದರಿಕೆ ಒಳ್ಳೇದು ಕಣವ್ವ. ಅದನ್ನ ಇಟ್ಕೋ. ಗಾಡೀನೂ ಇಟ್ಕೋ” ಅಂದೆ.

ಭಾನುವಾರ ನಸುಕಿನಲ್ಲಿ ಜೋಗಿಮಟ್ಟಿಗೆ ಹೋಗುವ ದಾರಿಯ ಏರಿನಲ್ಲಿ ಪಾಠ ಶುರು. ಹಿಂದೆ ಮುಂದೆ ಒಂದು ನರಪಿಳ್ಳೆ ಇಲ್ಲ.

ವಿದ್ಯೆ ದೊಡ್ಡದೇನಲ್ಲ, ಕೇಳಿ. ನಿಂತಾಗ ಹ್ಯಾಂಡ್ ಬ್ರೇಕ್ ಪೂರ್ತಿ ಎಳೆದುಬಿಡಿ. ಅದು ತಂತಿಯ ಮೂಲಕ ಹಿಂದಿನ ಎರಡು ಗಾಲಿಯನ್ನ ಹಿಡಿದಿರುತ್ತೆ. ಈಗ ನಿಮ್ಮ ಬಲಗಾಲಿಗೆ ಬಿಡುಗಡೆ! ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕಿ. ಆಕ್ಸಿಲರೇಟರ್ ಕೊಂಚ ಕೊಡಿ. ಕ್ಲಚ್ಚನ್ನ ಮೆಲ್ಲಗೆ, ಇರುವೆ ನಡೆದ ಹಾಗೆ ಮೇಲೆ ಬಿಡಿ. ಒಂದು ಹಂತದಲ್ಲಿ ಎಂಜಿನ್ನಿನ ದನಿ ದಪ್ಪಗಾಗುತ್ತೆ, ಗಾಡಿ ಸಣ್ಣಗೆ ನಡುಗುತ್ತೆ, ಬಾನೆಟ್ ತಲೆ ಎತ್ತಿದ ಹಾಗಾಗುತ್ತೆ. ಕ್ಲಚ್ ಹಿಡಿಯಿತು ಅಂತ ಅರ್ಥ. ಎಡಗಾಲು ಅಲ್ಲೇ ಸ್ಥಿರ! ಆಮೇಲೆ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿ ಇಳಿಸಿ, ಆಕ್ಸಿಲರೇಟರ್ ಇನ್ನಷ್ಟು ಕೊಡಿ. ಹಿಂದಕ್ಕೆ ಎಳೆಯುವ ಭಾರವನ್ನ ಎಂಜಿನ್ ಹೊತ್ತುಕೊಂಡ ಮೇಲೆಯೇ ಬ್ರೇಕಿಗೆ ರಜ, ಇಷ್ಟೇ ಗುಟ್ಟು.

ನಡುವೆ ಎಂಜಿನ್ ಆಫ್ ಆಯಿತೋ? ಗಾಬರಿ ಬೇಡ. ಮೊದಲು ಕಾಲಿನ ಬ್ರೇಕು, ಜೊತೆಗೇ ಹ್ಯಾಂಡ್ ಬ್ರೇಕು, ಆಮೇಲೆ ಕೀಲಿ. ಇನ್ನು ಕೆಲವರು ಬ್ರೇಕೇ ಹಾಕದೆ, ಕ್ಲಚ್ಚಿನ ಮೇಲೇ ಗಾಡಿಯನ್ನ ಏರಲ್ಲಿ ತೂಗಾಡಿಸುತ್ತಾ ಶೋಕಿ ಮಾಡ್ತಾರೆ. ಕ್ಲಚ್ ಪ್ಲೇಟು ಸವೆದು, ಸುಟ್ಟ ವಾಸನೆ ಬಂದು, ಗ್ಯಾರೇಜಿನವನ ಮನೇಲಿ ಹಬ್ಬ!

ಇದು ನನ್ನ ಮನೆಯ ಕಾನೂನು ಅಂತ ತಿಳೀಬೇಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಬರೆದಿದೆ: ಲೈಸೆನ್ಸ್ ಬೇಕಾದವನು ಕಡಿದಾದ ಏರಿನಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಿ ತೋರಿಸಬೇಕು. ಅಮೆರಿಕದ ಸ್ಟುಡೆಬೇಕರ್ ಕಂಪನಿ 1936ರಲ್ಲೇ ಏರಲ್ಲಿ ಬ್ರೇಕನ್ನ ತಾನೇ ಹಿಡಿದಿಡುವ ಸಾಧನ ತಂದಿತ್ತು. ಈಗಿನ ಎಷ್ಟೋ ಹೊಸ ಕಾರುಗಳಲ್ಲೂ ಅಂಥದ್ದು ಉಂಟು, ಎರಡು ಮೂರು ಸೆಕೆಂಡ್ ಹಿಡಿದು ಬಿಡುತ್ತೆ. ಆದರೆ ಸೆಕೆಂಡ್ ಹ್ಯಾಂಡ್ ಮಾರುತಿಯಲ್ಲಿ ಆ ಸಾಧನದ ಹೆಸರು ಎಡಗಾಲು!

ನಾಲ್ಕು ಭಾನುವಾರ ಕಳೆದವು. ಐದನೆಯ ವಾರ ಹೊಳಲ್ಕೆರೆ ರಸ್ತೆಯ ಒಂದು ಏರಿನಲ್ಲಿ ಕುರಿ ಮಂದೆ ಅಡ್ಡ ಬಂತು. ಕಾರು ನಿಂತಿತು. ಕನ್ನಡಿಯಲ್ಲಿ ನೋಡಿದೆ. ನಮ್ಮ ಬಂಪರಿಗೆ ಅಂಟಿಕೊಂಡ ಹಾಗೆ ಒಂದು ಮೊಪೆಡ್. ಗಂಡ, ಹೆಂಡತಿ, ಮುಂದೆ ನಿಂತ ಮಗು. ಮಗುವಿನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು. ನಾನು ತುಟಿ ಬಿಚ್ಚಲಿಲ್ಲ. ಮಗಳೂ ಮಾತಾಡಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದ ಸದ್ದು ಬಂತು. ಕುರಿಗಳು ದಾಟಿದವು. ಎಂಜಿನ್ನಿನ ದನಿ ದಪ್ಪಗಾಯಿತು, ಬಾನೆಟ್ ತಲೆ ಎತ್ತಿತು, ಹ್ಯಾಂಡ್ ಬ್ರೇಕ್ ಇಳಿಯಿತು... ಗಾಡಿ ಮುಂದಕ್ಕೇ ಹೋಯಿತು. ಹಿಂದಕ್ಕೆ ಕೂದಲೆಳೆಯಷ್ಟೂ ಇಲ್ಲ!

ಮೊಪೆಡ್ಡಿನವರಿಗೆ ಏನೂ ಗೊತ್ತಾಗಲಿಲ್ಲ. ಮಗು ಬಾಳೆಹಣ್ಣು ತಿನ್ನುತ್ತಲೇ ಇತ್ತು. ಹಿಂದಿನವರಿಗೆ ಏನೂ ಗೊತ್ತಾಗದೆ ಇರೋದೇ ಒಳ್ಳೇ ಡ್ರೈವಿಂಗು, ಏನಂತೀರಿ?

ಹೆದ್ದಾರಿಯಲ್ಲಿ ದಾವಣಗೆರೆಯ ಕಡೆ ಹೋಗುವಾಗ ಆನಗೋಡು ಬಂದರೆ ಇವತ್ತಿಗೂ ನನ್ನ ಕಾಲು ತಾನಾಗಿ ಹಗುರಾಗುತ್ತೆ. 1990ರ ಸೆಪ್ಟೆಂಬರ್ 30ರಂದು ನಮ್ಮ ಶಂಕರ್‌ನಾಗ್ ಹೋದದ್ದು ಅಲ್ಲೇ. ‘ಆಟೋರಾಜ’ ಅಂತ ಆಟೋದವರೆಲ್ಲ ತಲೆ ಮೇಲೆ ಹೊತ್ತು ಮೆರೆಸಿದ ಮನುಷ್ಯ. ಸಿನಿಮಾದಲ್ಲಿ ಶಾಟ್ ಕೆಟ್ಟರೆ ಇನ್ನೊಂದು ಟೇಕ್ ಉಂಟು. ರಸ್ತೆಯಲ್ಲಿ ಎಂಥ ಹೀರೋಗೂ ಇಲ್ಲ.

ಈ ಪತ್ರಿಕೆಯನ್ನ ನೀವು ಬಸ್ ಸ್ಟ್ಯಾಂಡಿನಲ್ಲಿ ಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು ಓದುತ್ತಿರಬಹುದು. ದಾರಿಯಲ್ಲಿ ಒಂದು ಏರು ಬಂದೇ ಬರುತ್ತೆ. ಯಾರನ್ನೋ ಹತ್ತಿಸಿಕೊಳ್ಳೋಕೆ ಬಸ್ಸು ಅಲ್ಲೇ ನಿಲ್ಲುತ್ತೆ. ಕಂಡಕ್ಟರ್ ರೈಟ್ ಅಂದಾಗ ತಾರೆಯರ ಫೋಟೋದಿಂದ ಒಂದು ಕ್ಷಣ ಕಣ್ಣು ಎತ್ತಿ ಎಂಜಿನ್ನಿನ ದನಿ ಕೇಳಿ. ಬಸ್ಸು ಹಿಂದಕ್ಕೆ ಜಾರದೆ ಹೊರಟರೆ, ಇಳಿಯುವಾಗ ಆ ಡ್ರೈವರ್ ಅಣ್ಣನ ಕಡೆ ನೋಡಿ ಒಂದು ನಗೆ ನಕ್ಕು ಹೋಗಿ. ಅವನ ಹೆಸರು ಯಾವ ಪೋಸ್ಟರಿನಲ್ಲೂ ಇರೋದಿಲ್ಲ.