ಗಿಡ್ಡ ತೋಟಾ, ಅಪ್ಪನ ಭುಜ

ಕೊಲಂಬಸ್‌ನಿಂದ ಗ್ರೀನ್‌ವಿಲ್‌ಗೆ ಸುಮಾರು ನೂರು ಮೈಲಿ. ಐ-70ರಲ್ಲಿ ಪಶ್ಚಿಮಕ್ಕೆ ಹೋಗಿ, ಡೇಟನ್ ದಾಟಿ ರೂಟ್ 49ಕ್ಕೆ ತಿರುಗಿದರೆ ಎರಡೂ ಕಡೆ ಮೆಕ್ಕೆಜೋಳ. ಅದು ಮುಗಿದರೆ ಸೋಯಾ. ಸೋಯಾ ಮುಗಿದರೆ ಮತ್ತೆ ಮೆಕ್ಕೆಜೋಳ.

"ಇಷ್ಟು ಜಾಗದಲ್ಲಿ ಒಂದು ಮರ ಇಲ್ವಲ್ಲ ಮಗಳೇ. ಇವರಿಗೆ ನೆರಳು ಬೇಡ್ವಾ?" ಅಂದರು ಅಪ್ಪ. ಕೊಡಗಿನ ಕಾಫಿ ತೋಟದವರು ಓಹಾಯೋ ನೋಡಿದರೆ ಬರುವ ಮೊದಲ ಪ್ರಶ್ನೆ ಇದೇ ಇರಬೇಕು.

ಡಿಕ್ಕಿಯಲ್ಲಿ ಕೆಲವು ಪುಟ್ಟ ಪೆಟ್ಟಿಗೆ ತೋಟಾ ಇತ್ತು. ಅದರ ವಿಷಯ ಅಪ್ಪನಿಗೆ ಹೇಳಿರಲಿಲ್ಲ. "ನೋಡೋಕೆ ಬರ್ತೀನಿ, ಹೊಡೆಯೋಲ್ಲ" ಎಂಬ ಷರತ್ತಿನ ಮೇಲೆ ಅವರು ಕಾರು ಹತ್ತಿದ್ದರು.

ಆ ಷರತ್ತಿನ ಹಿಂದೆ ಒಂದು ಏಣಿಯ ಕಥೆ ಇದೆ. ಮೂರು ವರ್ಷದ ಹಿಂದೆ ಕರಿಮೆಣಸು ಕೊಯ್ಯುವಾಗ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ್ದ ಏಣಿ ಜಾರಿತು. ಅಪ್ಪನ ಬಲಭುಜಕ್ಕೆ ಆಪರೇಷನ್ ಆಯಿತು. ಕೈ ಮೇಲೆತ್ತಲು ಆಗುತ್ತದೆ, ಕೊಡೆ ಹಿಡಿಯಲು ಆಗುತ್ತದೆ, ಆದರೆ ಹೊಡೆತ ತಡೆಯುವುದಿಲ್ಲ. ನಮ್ಮ ಕಡೆ ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್‌ಗೆ ಕೋವಿಗಳನ್ನು ದೇವರ ಮುಂದೆ ಇಟ್ಟು, ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಕಡಂಬುಟ್ಟು, ಪಂದಿ ಕರಿ ಊಟ ಆದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಮ್ಮ ಒಕ್ಕದಲ್ಲಿ ಕಾಯಿ ಬೀಳಿಸುವವರು ಅಂದರೆ ಅಪ್ಪ. ಆಪರೇಷನ್ ಆದ ಮೇಲೆ ಅವರು ಕುರ್ಚಿ ಹಾಕಿಕೊಂಡು ಕೂತು ಯಾರು ಎಷ್ಟು ಹೊಡೆದರು ಎಂದು ಲೆಕ್ಕ ಬರೆಯತೊಡಗಿದರು. ಕಳೆದ ವರ್ಷ ಫೋನಿನಲ್ಲಿ ಸುಮ್ಮನೆ ಅಂದ ಹಾಗೆ ಅಂದರು: "ಕೋವೀನ ನಿನ್ನ ದೊಡ್ಡಪ್ಪನ ಮಗನಿಗೆ ಕೊಟ್ಟುಬಿಡ್ತೀನಿ. ನನಗ್ಯಾಕೆ ಇನ್ನು?"

ಅಮ್ಮ ಹೋದಾಗಲೂ ಅಪ್ಪನ ದನಿ ಅಷ್ಟು ಚಪ್ಪಟೆಯಾಗಿ ಕೇಳಿರಲಿಲ್ಲ.

ಗ್ರೀನ್‌ವಿಲ್ ಸಣ್ಣ ಪೇಟೆ. ಅಲ್ಲಿಗೆ ಹೋಗಲು ಕಾರಣ ಆ್ಯನಿ ಓಕ್ಲಿ. ಪೇಟೆಯ ನಡುವೆ ಅವಳ ಕಂಚಿನ ಪ್ರತಿಮೆ ಇದೆ, ಗಾರ್ಸ್ಟ್ ಮ್ಯೂಸಿಯಂನಲ್ಲಿ ಅವಳ ಕೋವಿ, ಬಟ್ಟೆ, ಪದಕಗಳಿವೆ. 1860ರಲ್ಲಿ ಇದೇ ಡಾರ್ಕ್ ಕೌಂಟಿಯಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡರು. ಕಾಡಿನಲ್ಲಿ ಬೇಟೆಯಾಡಿ, ಮಾಂಸ ಮಾರಿ, ಮನೆಯ ಮೇಲಿದ್ದ ಅಡಮಾನ ತೀರಿಸಿದಳು. ಆಮೇಲೆ ಬಫಲೋ ಬಿಲ್‌ನ ತಂಡ ಸೇರಿ ಊರೂರು ಸುತ್ತಿ ಹೆಸರು ಮಾಡಿದಳು. ಎತ್ತರ ಕೇವಲ ಐದು ಅಡಿ.

ಮ್ಯೂಸಿಯಂನಲ್ಲಿ ನಾನು ಅಪ್ಪನಿಗೆ ಓದಿ ಹೇಳಿದ್ದು ಅವಳ ಕೊನೆಯ ವರ್ಷಗಳ ಕಥೆ. 1922ರಲ್ಲಿ, 62ನೇ ವಯಸ್ಸಿನಲ್ಲಿ, 16 ಗಜದ ಗೆರೆಯಿಂದ ಸತತವಾಗಿ 100 ಕ್ಲೇ ಟಾರ್ಗೆಟ್ ಒಡೆದಳು. ಅದೇ ವರ್ಷ ಕಾರು ಅಪಘಾತವಾಗಿ ಕಾಲಿಗೆ ಉಕ್ಕಿನ ಪಟ್ಟಿ ಕಟ್ಟಿಕೊಳ್ಳಬೇಕಾಯಿತು. ಮತ್ತೆ ಬಂದು ಕೋವಿ ಹಿಡಿದಳು. 1926ರಲ್ಲಿ ತೀರಿಕೊಂಡಳು. ಗಂಡ ಫ್ರ್ಯಾಂಕ್ ಬಟ್ಲರ್ 18 ದಿನ ಮಾತ್ರ ಅವಳಿಲ್ಲದೆ ಬದುಕಿದ.

ಅಪ್ಪನಿಗೆ ಈಗ 66. ಏನೂ ಮಾತಾಡಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ತುಂಬಾ ಹೊತ್ತು ನಿಂತಿದ್ದರು.

ಕ್ಲೇ ಟಾರ್ಗೆಟ್ ಅಂದರೇನು ಎಂದು ಕೇಳುವವರಿಗೆ ಎರಡು ಮಾತು. ಅಂಗೈ ಅಗಲದ, ಬೋರಲು ಹಾಕಿದ ಸಾಸರ್‌ನಂಥ ಬಿಲ್ಲೆ. ಯಂತ್ರ ಅದನ್ನು ಗಾಳಿಗೆ ಎಸೆಯುತ್ತದೆ, ನೆಲಕ್ಕೆ ಬೀಳುವ ಮೊದಲು ಚರೆ ಕೋವಿಯಿಂದ ಒಡೆಯಬೇಕು. ಹಿಂದೆ ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆಯುತ್ತಿದ್ದರು, ಆಮೇಲೆ ಗಾಜಿನ ಉಂಡೆಗಳು ಬಂದವು. 1880ರಲ್ಲಿ ಇದೇ ಓಹಾಯೋದ ಸಿನ್ಸಿನಾಟಿಯ ಜಾರ್ಜ್ ಲಿಗೋವ್‌ಸ್ಕಿ ಜೇಡಿಮಣ್ಣಿನ ಬಿಲ್ಲೆಗೆ ಪೇಟೆಂಟ್ ಪಡೆದ. ಈಗಿನವು ಡಾಂಬರಿನಂಥ ಪಿಚ್ ಮತ್ತು ಸುಣ್ಣಕಲ್ಲಿನ ಪುಡಿಯವು. ಮಣ್ಣು ಹೋದರೂ ಕ್ಲೇ ಎಂಬ ಹೆಸರು ಉಳಿದಿದೆ. ಬರುವ ದಾರಿಯಲ್ಲಿ ಐ-70ರ ಪಕ್ಕ ಸಿಕ್ಕ ವ್ಯಾಂಡೇಲಿಯಾದಲ್ಲೇ 1924ರಿಂದ 2005ರವರೆಗೆ ಈ ಆಟದ ದೊಡ್ಡ ಜಾತ್ರೆ, ಗ್ರ್ಯಾಂಡ್ ಅಮೆರಿಕನ್, ನಡೆಯುತ್ತಿತ್ತು. ಈಗ ಅದು ಇಲಿನಾಯ್‌ನ ಸ್ಪಾರ್ಟಾಕ್ಕೆ ಹೋಗಿದೆ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಟ್ರ್ಯಾಪ್ ಕ್ಲಬ್‌ಗಳು ಇನ್ನೂ ಇವೆ.

ಅಂಥ ಒಂದು ಕ್ಲಬ್‌ಗೆ ಮಧ್ಯಾಹ್ನ ಹೋದೆವು. ತಗಡಿನ ಸೂರು, ನಾಲ್ಕು ಬೆಂಚು, ಕಾಫಿ ಯಂತ್ರ, ಆಚೆ ಹಸಿರು ಬಯಲು. ಗೋಡೆಗೆ ಒರಗಿಸಿದ ಕೋವಿಗಳೆಲ್ಲ ಬಾಯಿ ತೆರೆದೇ ಇದ್ದವು. ಅಪ್ಪ ಮೊದಲು ಗಮನಿಸಿದ್ದು ಅದನ್ನೇ. "ಶಿಸ್ತಿನವರು" ಅಂದರು.

ಇಲ್ಲಿ ವೀಸಾದಲ್ಲಿರುವ ಗೆಳೆಯರಿಗೆ ಒಂದು ಎಚ್ಚರಿಕೆ. ಎಚ್-1ಬಿ, ಎಫ್-1, ಬಿ-2 ಥರದ ವೀಸಾದಲ್ಲಿ ಬಂದವರು ಕೋವಿ ಅಥವಾ ತೋಟಾ ಕೈಯಲ್ಲಿ ಹಿಡಿಯುವುದನ್ನೇ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯ ಕೊಟ್ಟ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. "ಫ್ರೆಂಡ್ ಕರ್ಕೊಂಡು ಹೋದ, ಎರಡು ಗುಂಡು ಹೊಡೆದೆ" ಎಂದು ಫೋಟೊ ಹಾಕುವ ಮೊದಲು ಇದು ಗೊತ್ತಿರಲಿ. ನಾನಿನ್ನೂ ಎಚ್-1ಬಿ, ಅಪ್ಪ ಬಿ-2. ಒಂದು ಮೊಲವನ್ನೂ ಹೊಡೆಯುವ ಯೋಚನೆ ಇಲ್ಲದಿದ್ದರೂ ಇಬ್ಬರಿಗೂ ಲೈಸೆನ್ಸ್ ಮಾಡಿಸಿದ್ದೆ. "ಸುಮ್ನೆ ಇರ್ಲಿ ಅಪ್ಪ, ಎಲ್ಲಾದ್ರೂ ಹೋದ್ರೆ ಬೇಕಾಗತ್ತೆ" ಅಂದಿದ್ದೆ. ನೀವು ಹೋಗುವುದಾದರೆ ನಿಮ್ಮ ವೀಸಾಕ್ಕೆ ಏನು ಅನ್ವಯಿಸುತ್ತದೆ ಎಂದು ವಕೀಲರನ್ನು ಒಮ್ಮೆ ಕೇಳಿಕೊಳ್ಳಿ.

ಡಿಕ್ಕಿಯಿಂದ ಪೆಟ್ಟಿಗೆ ತಂದು ಒಂದು ತೋಟಾ ತೆಗೆದು ಅಪ್ಪನ ಅಂಗೈಯಲ್ಲಿಟ್ಟೆ.

ಅವರು ಅದನ್ನು ತಿರುಗಿಸಿ ನೋಡಿ ನಕ್ಕರು. "ಇದೇನು, ಮಕ್ಕಳ ತೋಟಾನಾ?"

ನಗುವ ಹಾಗೇ ಇತ್ತು. ಮಾಮೂಲಿ 12 ಬೋರ್ ತೋಟಾ 2¾ ಇಂಚು, ಅಂದರೆ 70 ಮಿ.ಮೀ. ಇದು 1¾ ಇಂಚು, 44 ಮಿ.ಮೀ. ಸುತ್ತಳತೆ ಒಂದೇ, ಹಿತ್ತಾಳೆಯ ಬುಡ ಒಂದೇ, ಎತ್ತರ ಮಾತ್ರ ಗಿಡ್ಡ. ಇಲ್ಲಿ ಮಿನಿಶೆಲ್ ಅನ್ನುತ್ತಾರೆ. ನನ್ನ ಪೆಟ್ಟಿಗೆಯ ಮೇಲೆ ಮೆಕ್ಸಿಕೋದಲ್ಲಿ ತಯಾರಾದದ್ದು ಎಂದಿತ್ತು.

ನಾನು ಇಂಜಿನಿಯರ್ ಮಗಳು ಅನ್ನುವ ಜಂಬದಲ್ಲಿ ಲೆಕ್ಕ ಹೇಳಿದೆ. ಕೋವಿ ಒದೆಯುವುದು ಯಾಕೆ? ಮುಂದಕ್ಕೆ ಹೊರಟ ಭಾರಕ್ಕೆ ಹಿಂದಕ್ಕೆ ಉತ್ತರ ಸಿಗಬೇಕಲ್ಲ, ಅದಕ್ಕೆ. ಟ್ರ್ಯಾಪ್‌ನ ಭಾರಿ ತೋಟಾದಲ್ಲಿ 32 ಗ್ರಾಂ ಚರೆ ಇರುತ್ತದೆ. ಇದರಲ್ಲಿ 18 ಗ್ರಾಂಗೂ ಕಡಿಮೆ. ವೇಗ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಭುಜಕ್ಕೆ ಬರುವ ತಳ್ಳು ಅರ್ಧಕ್ಕೆ ಹತ್ತಿರ ಇಳಿಯುತ್ತದೆ, ಒದೆಯ ಶಕ್ತಿ ಮೂರನೇ ಒಂದಕ್ಕೆ. ಅದೇ ತೋಟಾವನ್ನು ಭಾರದ ಕೋವಿಯಲ್ಲಿ ಹಾಕಿದರೆ ಇನ್ನೂ ಮೆತ್ತಗೆ. ಊರಿನ ಡಾಕ್ಟರಿಗೆ ಫೋನ್ ಮಾಡಿ ಇದನ್ನೆಲ್ಲ ವಿವರಿಸಿದ್ದೆ. "ನಾಲ್ಕು ಹೊಡೆದು ನೋಡಲಿ, ನೋವಾದರೆ ಅಲ್ಲಿಗೇ ನಿಲ್ಲಿಸಲಿ" ಎಂದಿದ್ದರು.

"ಡಾಕ್ಟರಿಗೂ ಹೇಳಿದೀಯಾ?" ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಹಾಕಿಕೊಂಡರು. ಬೇರೇನೂ ಹೇಳಲಿಲ್ಲ.

ಮೊದಲ ತೋಟಾಕ್ಕೇ ಎಡವಟ್ಟಾಯಿತು. ಬಾಡಿಗೆಗೆ ಸಿಕ್ಕಿದ್ದು ಪಂಪ್ ಆಕ್ಷನ್ ಕೋವಿ. ಅದರ ಒಳಗಿನ ಎತ್ತುಪಟ್ಟಿ, ತೂತು, ಎಲ್ಲವೂ ಉದ್ದದ ತೋಟಾಕ್ಕೆಂದು ಮಾಡಿದ್ದು. ಗಿಡ್ಡದ್ದು ಒಳಗೆ ಹೋಗಿ ಅಡ್ಡ ತಿರುಗಿ ಕೂತುಬಿಟ್ಟಿತು. ಬಿಡಿಸಿ ಮತ್ತೆ ಹಾಕಿದರೆ ಮತ್ತೆ ಅದೇ. ಕೆಲವು ಪಂಪ್ ಮಾದರಿಗಳಿಗೆ ಒಳಗೆ ಸಿಕ್ಕಿಸುವ ಅಡಾಪ್ಟರ್ ಬರುತ್ತದಂತೆ, ಇದಕ್ಕೆ ಇರಲಿಲ್ಲ. ಸೆಮಿ ಆಟೋಮ್ಯಾಟಿಕ್‌ನಲ್ಲಂತೂ ಮುಂದಿನ ತೋಟಾ ಏರಿಸುವಷ್ಟು ಶಕ್ತಿಯೇ ಈ ತೋಟಾಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಇಷ್ಟು ದಿನ ಲೆಕ್ಕ ಹಾಕಿದ ನಾನು ಇದೊಂದನ್ನು ವಿಚಾರಿಸಿರಲಿಲ್ಲ.

ಅಪ್ಪ ಕನ್ನಡಕ ತೆಗೆಯುತ್ತಿದ್ದರು. "ಆಯ್ತು ಬಿಡು ಮಗಳೇ. ನೋಡೋಕೆ ತಾನೇ ಬಂದಿದ್ದು."

ಆಗ ಪಕ್ಕದ ಬೆಂಚಿನ ಅಜ್ಜ ಎದ್ದು ಬಂದರು. ಎಂಬತ್ತರ ಆಸುಪಾಸು, ಜೋಳ ಬೆಳೆದು ರಿಟೈರ್ ಆದ ರೈತ. ತೋಟಾ ನೋಡಿ ತಮ್ಮ ಭುಜ ತಟ್ಟಿ ತೋರಿಸಿದರು, ಅವರದ್ದೂ ಆಪರೇಷನ್ ಆದ ಭುಜ. ತಮ್ಮ ಓವರ್-ಅಂಡರ್ ಕೋವಿಯನ್ನು, ಒಂದರ ಮೇಲೊಂದು ನಳಿಕೆ ಇರುವುದನ್ನು, ಮಡಿಸಿ ತೆರೆದು ಅಪ್ಪನ ಕೈಗೆ ಕೊಟ್ಟರು. ಇಂಥ ಕೋವಿಯಲ್ಲಿ ತೋಟಾವನ್ನು ನೇರ ನಳಿಕೆಗೆ ಹಾಕುವುದು. ಅಡ್ಡ ತಿರುಗಲು ಜಾಗವೇ ಇಲ್ಲ.

ನಮ್ಮ ಮನೆಯ ಕೋವಿ ಜೋಡಿ ನಳಿಕೆಯದು, ಅಕ್ಕಪಕ್ಕ. ಅದೂ ಹೀಗೇ ಮಡಿಸುವುದು. ಅಪ್ಪನ ಕೈ ಅದನ್ನು ತೆಗೆದುಕೊಂಡ ರೀತಿ ನೋಡಿದಾಗಲೇ ನನಗೆ ಗಂಟಲು ಕಟ್ಟಿತು.

ಟ್ರ್ಯಾಪ್‌ನಲ್ಲಿ ಹೊಡೆಯುವವರು "ಪುಲ್" ಎಂದು ಕೂಗಬೇಕು, ಆಗ ಬಿಲ್ಲೆ ಹಾರುತ್ತದೆ. ಅಪ್ಪ ಕೂಗಿದ್ದು "ಬಿಡು!" ಅಜ್ಜ ಗುಂಡಿ ಒತ್ತಿದರು. ಬಿಲ್ಲೆ ಹಾರಿತು, ಢಂ ಅಂತು, ಬಿಲ್ಲೆ ಹಾಯಾಗಿ ಹೋಗಿ ಹುಲ್ಲಿಗೆ ಬಿತ್ತು. ನಾನು ಬಿಲ್ಲೆ ನೋಡಲಿಲ್ಲ, ಭುಜ ನೋಡುತ್ತಿದ್ದೆ. ಅಪ್ಪ ತಿರುಗಿ, "ಅಷ್ಟೇನಾ?" ಅಂದರು. ಒದೆ ಅಷ್ಟೇನಾ ಅಂತ.

ಮೊದಲ ಆರೂ ತಪ್ಪಿದವು. ತೆಂಗಿನಕಾಯಿ ನಿಂತಲ್ಲೇ ಇರುತ್ತದೆ. ಇದು ಇರುವ ಜಾಗಕ್ಕೆ ಹೊಡೆದರೆ ಚರೆ ತಲುಪುವಾಗ ಇದು ಅಲ್ಲಿರುವುದಿಲ್ಲ. ಏಳನೆಯದಕ್ಕೆ ಅಪ್ಪ ಕೋವಿ ನಿಲ್ಲಿಸಲಿಲ್ಲ, ಬಿಲ್ಲೆಯ ಜತೆ ತಿರುಗಿಸುತ್ತಾ ಸ್ವಲ್ಪ ಮುಂದೆ ಹೋಗಿ ಕುದುರೆ ಎಳೆದರು. ಆಕಾಶದಲ್ಲಿ ಕಪ್ಪು ಧೂಳಿನ ಒಂದು ಮುದ್ದೆ. ಅಜ್ಜ ಚಪ್ಪಾಳೆ ತಟ್ಟಿದರು.

25ರ ಆ ಸುತ್ತಿನಲ್ಲಿ 9 ಒಡೆದವು. ಸ್ವಲ್ಪ ಹೊತ್ತು ಕೂತು, ಭುಜ ತಿರುಗಿಸಿ ನೋಡಿ, ನೋವಿಲ್ಲ ಎಂದು ಖಾತ್ರಿ ಮಾಡಿಕೊಂಡು ಇನ್ನೊಂದು ಸುತ್ತು. 14.

ಕಾಫಿ ಕುಡಿಯುವಾಗ ಅಪ್ಪ ಖಾಲಿ ತೋಟಾ ಒಂದನ್ನು ಬೆರಳಲ್ಲಿ ಆಡಿಸುತ್ತಾ ಕೇಳಿದರು: "ಇದರಲ್ಲಿ ಚರೆ ಎಷ್ಟಿರತ್ತೆ?"

ನಂಬರ್ 7½ ಚರೆಯಾದರೆ ಸುಮಾರು 220. ಅದೇ ಚರೆ 32 ಗ್ರಾಂನ ತೋಟಾದಲ್ಲಿ ಸುಮಾರು 390 ಎಂದೆ.

"ಹಾಗಾದ್ರೆ ಮಕ್ಕಳ ತೋಟಾ ಅಲ್ಲ ಇದು" ಅಂದರು. "ಚರೆ ಕಡಿಮೆ ಅಂದ್ರೆ ಗುರಿ ಸರಿಯಾಗೇ ಇರಬೇಕು. ಅಂಚಿನಲ್ಲಿ ತಾಗಿ ಒಡೆಯೋ ಅದೃಷ್ಟ ಇದರಲ್ಲಿ ಇಲ್ಲ. ತಡ ಮಾಡಿದರೂ ಇಲ್ಲ, ದೂರ ಹೋದಷ್ಟೂ ಚರೆ ಚೆದರಿಬಿಡತ್ತೆ."

ನನ್ನ ಲೆಕ್ಕದಲ್ಲಿ ಇದು ಇರಲಿಲ್ಲ. ನೋವಿಲ್ಲದೆ ಆಡಲು ಒಂದು ಸುಲಭದ ದಾರಿ ಎಂದಷ್ಟೇ ನಾನು ತಿಳಿದಿದ್ದೆ. ಭುಜಕ್ಕೆ ಸುಲಭ ಮಾಡಿದ್ದನ್ನು ಈ ತೋಟಾ ಕಣ್ಣಿಗೆ, ಕೈಗೆ ಕಷ್ಟ ಮಾಡುತ್ತದೆ. ಅಪ್ಪನಿಗೆ ಬೇಕಿದ್ದದ್ದು ರಿಯಾಯಿತಿ ಅಲ್ಲ. ಕಣ್ಣು, ಕೈ ಇನ್ನೂ ಕೆಲಸಕ್ಕೆ ಬರುತ್ತವೆ ಎಂದು ತಮಗೆ ತಾವೇ ತೋರಿಸಿಕೊಳ್ಳಲು ಒಂದು ನ್ಯಾಯವಾದ ಅವಕಾಶ.

"ಬಾ, ಈಗ ನೀನು" ಅಂದರು.

ನನಗೂ ಒಂದು ಹಳೆಯ ಲೆಕ್ಕ ಬಾಕಿ ಇತ್ತು. ಹನ್ನೆರಡು ವರ್ಷದವಳಿದ್ದಾಗ ಕೈಲ್‌ಪೊಳ್ದ್ ದಿನ ಹಟ ಮಾಡಿ ಕೋವಿ ಹಿಡಿದು, ಒದೆಗೆ ಹಿಂದಕ್ಕೆ ಬಿದ್ದಿದ್ದೆ. ಅಣ್ಣಂದಿರು ನಕ್ಕರು, ವಾರವೆಲ್ಲ ಭುಜ ನೀಲಿಯಾಗಿತ್ತು. ಮತ್ತೆ ಮುಟ್ಟಿರಲಿಲ್ಲ. ಈ ಸಲ ಅಪ್ಪ ಹಿಂದೆ ನಿಂತು ಹಿಡಿಯನ್ನು ಭುಜದ ಗುಂಡಿಗೆ ಸರಿಯಾಗಿ ಒತ್ತಿ, "ಮುಂದಕ್ಕೆ ಬಾಗು. ಹೆದರಿ ಹಿಂದೆ ವಾಲಿದ್ರೇನೆ ಅದು ಬೀಳಿಸೋದು" ಅಂದರು. 10ರಲ್ಲಿ 3 ಒಡೆದೆ. ಬೀಳಲಿಲ್ಲ.

ಯಾರಾದರೂ ಪ್ರಯತ್ನಿಸುವುದಾದರೆ ನಾವು ಕಲಿತದ್ದು ಇಷ್ಟು. ಮಡಿಸುವ ಕೋವಿಯೇ ಸಿಗುತ್ತದಾ ಎಂದು ಮೊದಲು ಫೋನ್ ಮಾಡಿ ಕೇಳಿ. ಈ ತೋಟಾ ಎಲ್ಲಾ ಅಂಗಡಿಯಲ್ಲೂ ಸಿಗುವುದಿಲ್ಲ, ನಾನು ಕೊಂಡಾಗ ಮಾಮೂಲಿಗಿಂತ ದುಬಾರಿಯೇ ಇತ್ತು. ಮತ್ತೆ, 12 ಬೋರ್ ಜತೆಗೆ 20 ಬೋರ್ ತೋಟಾ ಒಂದೇ ಜೇಬಿನಲ್ಲಿ ಎಂದೂ ಬೇಡ. 20ರದ್ದು ಜಾರಿ ನಳಿಕೆಯೊಳಗೆ ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದು ಹಾಕಿ ಹೊಡೆದರೆ ಕೋವಿಯೇ ಸಿಡಿಯಬಹುದು.

ಹೊರಡುವಾಗ ಅಪ್ಪ ಒಂದು ಖಾಲಿ ತೋಟಾ ಜೇಬಿಗೆ ಹಾಕಿಕೊಂಡರು. "ಏರ್‌ಪೋರ್ಟ್‌ನಲ್ಲಿ ಹಿಡೀತಾರೆ ಅಪ್ಪ" ಎಂದೆ. ಅದನ್ನು ವಾಪಸ್ ಇಟ್ಟು, ಹುಲ್ಲಿನಲ್ಲಿ ಬಿದ್ದಿದ್ದ ಒಡೆದ ಬಿಲ್ಲೆಯ ಚೂರೊಂದನ್ನು ಎತ್ತಿಕೊಂಡರು.

ಆಗಸ್ಟ್‌ನಲ್ಲಿ ಊರಿಗೆ ಹೋದರು. ಕೈಲ್‌ಪೊಳ್ದ್ ದಿನ ವಿಡಿಯೊ ಕಾಲ್ ಮಾಡಿದೆ. ಐನ್‌ಮನೆಯ ಅಂಗಳದಲ್ಲಿ ಗಲಾಟೆ, ಅಪ್ಪ ಅದೇ ಕುರ್ಚಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಗಿಡ್ಡ ತೋಟಾ ಅಲ್ಲೆಲ್ಲಿ ಸಿಗಬೇಕು? ನನಗೆ ಸ್ವಲ್ಪ ಬೇಜಾರಾಯಿತು.

"ಕೋವಿ ಅಣ್ಣನಿಗೆ ಕೊಟ್ರಾ?" ಕೇಳಿದೆ.

"ಯಾಕೆ ಕೊಡ್ಲಿ? ಎಣ್ಣೆ ಹಾಕಿ ಒರೆಸಿ ಇಟ್ಟಿದೀನಿ" ಅಂದರು. "ಮುಂದಿನ ವರ್ಷ ರಜ ಹಾಕಿ ಬಾ. ನಿಂದು ಒಂದು ಕಾಯಿ ಬಾಕಿ ಇದೆ."